ಸಂಬಳವೂ ಸಿಕ್ಕಿತು, ಸಂತೋಷವೂ ಸಿಕ್ಕಿತು



ವಿಭೂತಿ ಬುಧವಾರದ ಸಂಜೆ ಪೂಜೆ ಮುಗಿಸಿ ದೇವಾಲಯದ ಮೆಟ್ಟಿಲ ಮೇಲೆ ನಿಂತಿದ್ದಾಗ ಒಬ್ಬ ತಾಯಿ ಹತ್ತಿರ ಬಂದರು. ಗುಬ್ಬಿಯಿಂದ ದಿನವೂ ಬಸ್ಸಿನಲ್ಲಿ ತುಮಕೂರಿಗೆ ಬಂದು ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ಮಾಡುವವರು. ಅವರು ಕೇಳಿದ್ದು ಪಾಪನಿವೇದನೆಯಲ್ಲಲ್ಲ, ಬಯಲಿನಲ್ಲಿ. ಬರೆಯಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಆದ್ದರಿಂದ ನಿಮ್ಮ ಮುಂದಿಡುತ್ತಿದ್ದೇನೆ.

ಆ ದಿನದ ಶುಭಸಂದೇಶ ನಿಮಗೆ ಗೊತ್ತು. ಜನರು ನೋಡಲೆಂದು ದಾನ, ಪ್ರಾರ್ಥನೆ, ಉಪವಾಸ ಮಾಡುವವರಿಗೆ ಸಲ್ಲಬೇಕಾದ ಪ್ರತಿಫಲ ಇಲ್ಲಿಯೇ ಸಂದುಹೋಯಿತು ಎಂದು ಯೇಸುಸ್ವಾಮಿ ಹೇಳುತ್ತಾರೆ. ನಾನೂ ಅದನ್ನು ಸಾಕಷ್ಟು ಜೋರಾಗಿಯೇ ಬೋಧಿಸಿದ್ದೆ. ಆ ತಾಯಿ ಕೇಳಿದರು: "ಫಾದರ್, ನನಗೆ ಸಂಬಳ ಕೊಡ್ತಾರೆ. ಅದರ ಮೇಲೆ ಕೆಲವು ಸಲ ಹೊಟ್ಟೆ ತುಂಬುವಷ್ಟು ಸಂತೋಷವೂ ಆಗುತ್ತೆ. ಎರಡೂ ಇಲ್ಲೇ ಸಿಕ್ಕಿಹೋಯ್ತಲ್ಲ, ಇನ್ನು ದೇವರ ಹತ್ತಿರ ನನಗೇನು ಉಳೀತು?"

ಯಾವ ಸಂತೋಷ ಎಂದು ವಿಚಾರಿಸಿದೆ. ಕುಣಿಗಲ್ ಕಡೆಯ ಒಬ್ಬ ಅಜ್ಜ ಲಕ್ವ ಹೊಡೆದು ಮಾತು ನಿಂತು ಮೂರು ವಾರದಿಂದ ಅವರ ವಾರ್ಡಿನಲ್ಲಿದ್ದರಂತೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಸೊಂಟ, ಹಿಮ್ಮಡಿಗಳಲ್ಲಿ ಒತ್ತಿದ ಕಡೆ ರಕ್ತ ಹರಿಯದೆ ಚರ್ಮ ಕೊಳೆತು ಹುಣ್ಣಾಗುತ್ತದೆ. ಒದ್ದೆ ಬಟ್ಟೆ ತೆಗೆಯಬೇಕು, ಬಾಯಿ ಒರೆಸಬೇಕು, ನುಂಗಲು ಬಂದ ಮೇಲೆ ರಾಗಿ ಗಂಜಿಯನ್ನು ಚಮಚ ಚಮಚವಾಗಿ ಕುಡಿಸಬೇಕು. ಒಂದು ದಿನ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಹಾಸಿಗೆ ಸರಿಮಾಡುತ್ತಿದ್ದಾಗ ಅಜ್ಜ ಕಣ್ಣು ಬಿಟ್ಟು, ನಾಲಗೆ ತೊಡರುತ್ತಲೇ, "ಊಟ ಆಯ್ತೇನವ್ವ?" ಎಂದರಂತೆ.

"ಹದಿನಾಲ್ಕು ವರ್ಷದಲ್ಲಿ ಎಲ್ಲರೂ ನನ್ನನ್ನ ಏನಾದರೂ ಕೇಳಿದವರೇ ಫಾದರ್. ನೀರು ಕೊಡು, ಪಾನ್ ತಗೊಂಡು ಬಾ, ಬೇಗ ಬಾ ಅಂತ. ನನ್ನ ಊಟ ಕೇಳಿದವರು ಅವರೊಬ್ಬರೇ."

ನಾನು ಅವಸರದಲ್ಲಿದ್ದೆ. "ಆ ಸಂತೋಷವನ್ನು ದೇವರಿಗೆ ಒಪ್ಪಿಸಿಬಿಡಿ ಅಮ್ಮ" ಎಂದು ಹೇಳಿ ಕಳಿಸಿದೆ. ರಾತ್ರಿ ಮಲಗಿದಾಗ ಆ ಉತ್ತರ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಏನನ್ನು ಒಪ್ಪಿಸುವುದು? ಅವರು ಏನು ಕದ್ದಿದ್ದರು?

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಇಮ್ಯಾನುಯೆಲ್ ಕಾಂಟ್ ನನ್ನನ್ನು ಬಹಳ ಕಾಡಿದ್ದ. 1785ರ ತನ್ನ ಗ್ರಂಥದಲ್ಲಿ ಆತ, ಪರೋಪಕಾರದಲ್ಲಿ ಸುಖ ಕಾಣುವವನ ಕೆಲಸ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ನಿಜವಾದ ನೈತಿಕ ಬೆಲೆಯಿಲ್ಲ, ಒಣಗಿದ ಮನಸ್ಸಿನಿಂದಲೂ ಕರ್ತವ್ಯವೆಂದು ಮಾಡಿದರೆ ಮಾತ್ರ ಬೆಲೆ ಎನ್ನುತ್ತಾನೆ. ಇಪ್ಪತ್ತರ ವಯಸ್ಸಿಗೆ ಅದು ದೊಡ್ಡ ಮಾತಾಗಿ ಕಂಡಿತ್ತು. ಈಗ ನನ್ನ ಒಲವು ಸಂತ ಥಾಮಸ್ ಅಕ್ವಿನಾಸರ ಕಡೆಗೆ. ಸಂತೋಷವೆಂಬುದು ಪ್ರೀತಿಯಿಂದ ಬೇರೆಯಾದ ಒಂದು ಸದ್ಗುಣವಲ್ಲ, ಪ್ರೀತಿಯಿದ್ದಲ್ಲಿ ಅದರ ಫಲವಾಗಿ ಹುಟ್ಟುವಂಥದ್ದು ಎನ್ನುತ್ತಾರೆ ಅವರು. ಹಾಗಿದ್ದರೆ ಆ ತಾಯಿ ಅಜ್ಜನ ಮಾತು ಕೇಳಿ ಹಿಗ್ಗದಿದ್ದರೇ ನಾನು ಯೋಚಿಸಬೇಕಿತ್ತು.

ಆದರೂ ಕಾಂಟನ ಅನುಮಾನವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅಜ್ಜ ಮಾತಾಡದೇ ಹೋಗಿದ್ದರೆ? ನಮ್ಮ ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಅವರನ್ನು ನೆನೆಯಿರಿ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆಯ ಮೇಲೆ 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಘೋರ ಹಲ್ಲೆ ಮಾಡಿದ. ಮೆದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಆಕೆ ಅಲ್ಲಿಯೇ ಮಲಗಿದ್ದರು. ಆಹಾರ ನಿಲ್ಲಿಸಿ ಆಕೆಗೆ ಮುಕ್ತಿ ಕೊಡಿ ಎಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ, ನಾವು ನೋಡಿಕೊಳ್ಳುತ್ತೇವೆ ಎಂದು ನಿಂತವರು ಆಸ್ಪತ್ರೆಯ ಸಿಬ್ಬಂದಿ. 2011ರ ಮಾರ್ಚ್ 7ರಂದು ನ್ಯಾಯಾಲಯ ಆ ಅರ್ಜಿಯನ್ನು ತಳ್ಳಿಹಾಕಿ ಸಿಬ್ಬಂದಿಯನ್ನು ಮನಸಾರೆ ಹೊಗಳಿತು. ಅಷ್ಟು ವರ್ಷ ಮಲಗಿದ್ದರೂ ಆಕೆಯ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಆಗಿರಲಿಲ್ಲ. ಹಾಗೆಂದರೆ ಎಷ್ಟು ಸಾವಿರ ರಾತ್ರಿ, ಎಷ್ಟು ಸಲ ಮಗ್ಗುಲು ಬದಲಿಸಿರಬೇಕು, ನೀವೇ ಲೆಕ್ಕ ಹಾಕಿ. ಒಂದು ತಲೆಮಾರು ನಿವೃತ್ತರಾಗಿ, ಆ ಘಟನೆಯಾದಾಗ ಹುಟ್ಟಿರದ ಹುಡುಗಿಯರೂ ಆ ಮಂಚದ ಹತ್ತಿರ ಬಂದರು. ತುತ್ತು ಕೊಟ್ಟರೆ ಮುಖದಲ್ಲಿ ಏನೋ ಒಂದು ಬದಲಾವಣೆ ಕಾಣುತ್ತಿತ್ತಂತೆ. ಊಟ ಆಯ್ತಾ ಎಂದು ಆಕೆ ಯಾರನ್ನೂ ಕೇಳಲಿಲ್ಲ.

ನನಗೆ ತೋರುವ ವ್ಯತ್ಯಾಸ ಇಷ್ಟು. ಸಂಬಳವನ್ನು ಕೇಳಿ ಪಡೆಯಬಹುದು, ಕೊಡದಿದ್ದರೆ ಜಗಳವಾಡಬಹುದು. ಅಜ್ಜನ ಆ ಮಾತನ್ನು ಯಾರೂ ಕೇಳಿ ಪಡೆಯಲಾರರು. ಬಂದರೆ ಬಂತು. ಬರದ ಹಾಸಿಗೆಗಳಿಗೂ ಆ ತಾಯಿ ಎರಡು ಗಂಟೆಗೊಮ್ಮೆ ಹೋಗುತ್ತಾರೆ. ಶುಭಸಂದೇಶ ಹೇಳುವ ಪ್ರತಿಫಲ ನೋಡುವ ಜನರಿಂದ ಬರುವುದು. ಬೆಳಗಿನ ಜಾವ ನಾಲ್ಕು ಗಂಟೆಗೆ ಅವರನ್ನು ನೋಡುತ್ತಿದ್ದವರಾರು? ಆ ವಾಕ್ಯ ಚುಚ್ಚಬೇಕಾದದ್ದು ನಮ್ಮನ್ನು. ಫೆಬ್ರವರಿ 11ರ ವಿಶ್ವ ರೋಗಿಗಳ ದಿನ ನಾವು ಕಿತ್ತಲೆ ಹಣ್ಣು, ಬ್ರೆಡ್ ಹಿಡಿದು ಆಸ್ಪತ್ರೆಗೆ ಹೋಗುತ್ತೇವೆ, ಫೋಟೋ ತೆಗೆಸುತ್ತೇವೆ. ಹಾಗೊಂದು ಫೋಟೋದ ನಡುವೆ ನಿಂತಿರುವವನು ನಾನೇ. ರೋಗಿಗೆ ಅಭ್ಯಂಗ ಕೊಡಲು ಹೋಗಿ ಮೂಗಿಗೆ ಕರವಸ್ತ್ರ ಹಿಡಿದು ಐದೇ ನಿಮಿಷದಲ್ಲಿ ಮುಗಿಸಿ ಬಂದದ್ದೂ ಉಂಟು.

ಒಳ್ಳೆಯ ಸಮಾರಿಯದವನ ಸಾಮತಿಯಲ್ಲಿ ನಾವು ಗಮನಿಸದ ಒಬ್ಬನಿದ್ದಾನೆ. ಸಮಾರಿಯದವನು ಗಾಯ ಕಟ್ಟಿ, ಒಂದು ರಾತ್ರಿ ಆರೈಕೆ ಮಾಡಿ, ಮರುದಿನ ತನ್ನ ದಾರಿ ಹಿಡಿದ. ಆಮೇಲೆ ಬಟ್ಟೆ ಬದಲಿಸಿದವನು, ಗಂಜಿ ಕುಡಿಸಿದವನು ಛತ್ರದವನು. ಎರಡು ಬೆಳ್ಳಿ ನಾಣ್ಯ ಕೂಲಿ ಪಡೆದ ಅವನನ್ನು ಯೇಸು ಕೀಳಾಗಿ ಕಾಣಲಿಲ್ಲ. ಇನ್ನೊಂದನ್ನೂ ನೋಡಿ: ಸಮಾರಿಯದವನು ಮೊದಲೇ ಹಣ ಕೊಟ್ಟ, ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ಕೊಡುತ್ತೇನೆಂದ. "ಇದು ಸೇವೆಯಪ್ಪಾ, ದೇವರು ಕೊಡ್ತಾನೆ" ಎನ್ನಲಿಲ್ಲ. ನಾವು, ಆಸ್ಪತ್ರೆ ನಡೆಸುವ ಧರ್ಮಸಂಸ್ಥೆಯವರೂ ಸೇರಿ, ಈ 'ಸೇವೆ' ಎಂಬ ಪದವನ್ನು ಕಡಿಮೆ ಸಂಬಳದ ಮೇಲೆ ಹೊದಿಸುವ ಬಟ್ಟೆಯನ್ನಾಗಿ ಮಾಡಿಕೊಂಡಿದ್ದೇವೆ. ನ್ಯಾಯವಾದ ಕೂಲಿ ಕಾರ್ಮಿಕನ ಹಕ್ಕು ಎಂದು ಹದಿಮೂರನೆಯ ಲಿಯೋ ಜಗದ್ಗುರುಗಳು 1891ರಲ್ಲಿಯೇ ಬರೆದರು. ಆಯಾಗೆ ಒಳಗೊಳಗೆ ಆಗುವ ಸಂತೋಷ ಮಾಲೀಕನ ಲೆಕ್ಕಪುಸ್ತಕಕ್ಕೆ ಸೇರಿದ ಆದಾಯವಲ್ಲ.

ಮುಂದಿನ ಭಾನುವಾರ ಆ ತಾಯಿಯನ್ನು ಕರೆದು, "ಆ ದಿನ ನಾನು ಹೇಳಿದ್ದು ಸರಿಯಿರಲಿಲ್ಲ, ಆ ಸಂತೋಷ ನಿಮ್ಮದೇ, ಇಟ್ಟುಕೊಳ್ಳಿ" ಎಂದೆ. ಅವರು ನಕ್ಕು, ಅಜ್ಜನಿಗಾಗಿ ಒಂದು ಪೂಜೆ ಇಡಬೇಕೆಂದು ಐವತ್ತು ರೂಪಾಯಿ ಚಾಚಿದರು. ಅಜ್ಜನನ್ನು ಮನೆಯವರು ಕುಣಿಗಲ್‌ಗೆ ಕರೆದುಕೊಂಡು ಹೋಗಿ ವಾರವಾಗಿತ್ತು. ಹೆಸರು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಪೂಜೆಯ ಕೋರಿಕೆಗಳ ಪುಸ್ತಕದಲ್ಲಿ "ಏಳನೇ ಹಾಸಿಗೆಯ ಅಜ್ಜ, ಕುಣಿಗಲ್" ಎಂದು ಬರೆದುಕೊಂಡೆ.

"ಈ ತಿಂಗಳ ಸಂಬಳ ಬಂತೇ ಅಮ್ಮ?" ಎಂದು ಕೇಳಿದೆ.

"ಇನ್ನೂ ಇಲ್ಲ ಫಾದರ್."

ನೋಟನ್ನು ಅವರ ಕೈಗೇ ಮಡಚಿಟ್ಟೆ. ಪೂಜೆ ಗುರುವಾರ ಬೆಳಗ್ಗೆ ಆರೂವರೆಗೆ.