ಚೌಕಾಸಿಯಲ್ಲಿ ನಾವು ಗೆಲ್ಲುವುದು ಏನನ್ನು?

ಕೌಲಾಲಂಪುರದ ಪಸಾರ್ ಸೆನಿ ನಿಲ್ದಾಣದಲ್ಲಿ ರೈಲು ಹತ್ತಿದರೆ ನಾಲ್ಕನೆಯ ನಿಲ್ದಾಣ ಕೆಎಲ್‌ಸಿಸಿ. ಹತ್ತುವ ಕಡೆ ಪೆಟಾಲಿಂಗ್ ಬೀದಿಯ ಸಂತೆ. ಇಳಿಯುವ ಕಡೆ 452 ಮೀಟರ್ ಎತ್ತರದ ಪೆಟ್ರೋನಾಸ್ ಅವಳಿ ಗೋಪುರಗಳು, ಅವುಗಳ ಬುಡದಲ್ಲಿ ಸೂರಿಯಾ ಮಾಲ್. ಬೀದಿಯಲ್ಲಿ ನೂರು ರಿಂಗಿಟ್ ಹೇಳಿದ ಕೈಚೀಲವನ್ನು ನಲವತ್ತಕ್ಕೆ ಕೇಳುವ ಪ್ರವಾಸಿ, ಮಾಲಿನಲ್ಲಿ ಚೀಟಿಯ ಮೇಲಿನ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಡುತ್ತಾನೆ. 2023ರ ಡಿಸೆಂಬರ್‌ನಲ್ಲಿ ಮಲೇಷ್ಯಾ ಭಾರತೀಯರಿಗೆ 30 ದಿನಗಳ ಮಟ್ಟಿಗೆ ವೀಸಾ ಬೇಡವೆಂದ ಮೇಲೆ ಈ ಪ್ರವಾಸಿ ನಮ್ಮ ಮನೆಯವನೇ ಆಗಿರಬಹುದು. ಹಾಗಾಗಿ ಪ್ರಶ್ನೆಯೂ ನಮ್ಮದೇ: ಚೌಕಾಸಿ ನ್ಯಾಯವೇ?

ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಕ್ವೇಕರ್ ಪಂಥದವರು ಅಲ್ಲ ಎಂದರು. ಕೇಳುವ ಬೆಲೆ ಒಂದು, ಒಪ್ಪುವ ಬೆಲೆ ಇನ್ನೊಂದಾದರೆ ಮೊದಲು ಹೇಳಿದ್ದು ಸುಳ್ಳು ತಾನೆ? ಆದ್ದರಿಂದ ಅವರ ಅಂಗಡಿಗಳಲ್ಲಿ ಎಲ್ಲರಿಗೂ ಒಂದೇ ದರ. ಇಂದಿನ ಮಾಲಿನ ಬೆಲೆಚೀಟಿಯ ಹಿಂದೆ ಹೀಗೊಂದು ನೈತಿಕ ಹಟವೂ ಇದೆ.

ಆದರೆ ಸುಳ್ಳು ಸುಳ್ಳಾಗಬೇಕಾದರೆ ಕೇಳುವವನು ಅದನ್ನು ನಂಬಬೇಕು. ಪೆಟಾಲಿಂಗ್ ಬೀದಿಯಲ್ಲಿ ‘ನೂರು’ ಎಂಬುದು ಬೆಲೆಯಲ್ಲ, ಮಾತಿನ ಆರಂಭ ಎಂದು ಇಬ್ಬರಿಗೂ ಗೊತ್ತು. ಅಲ್ಲಿ ಸಿಗುವ ಅನೇಕ ಕೈಚೀಲ, ಗಡಿಯಾರಗಳು ದೊಡ್ಡ ಕಂಪನಿಗಳ ನಕಲು ಎಂಬುದೂ ಗೊತ್ತು. ಇನ್ನು ಚೀಟಿಯ ಬೆಲೆ ಸ್ಥಿರವಾಗಿದೆ ಎಂದ ಮಾತ್ರಕ್ಕೆ ನ್ಯಾಯವಾಗಿದೆ ಎಂದೇನಿಲ್ಲ. ಅದನ್ನು ಯಾರು, ಯಾವ ಲೆಕ್ಕದಲ್ಲಿ ಬರೆದರೆಂದು ಕೇಳಲು ಅಲ್ಲಿ ಎದುರಿಗೆ ಮನುಷ್ಯನೇ ಇರುವುದಿಲ್ಲ. ನಾವು ಸುಮ್ಮನಾಗುವುದು ನಂಬಿಕೆಯಿಂದಲ್ಲ, ಜಗ್ಗಲು ಯಾರೂ ಸಿಗದಿರುವುದರಿಂದ.

ಇದೇ ಊರಿನ ಊಟದ ಕಡೆ ನೋಡಿ. ತಮಿಳು ಮುಸ್ಲಿಮರು ಬೆಳೆಸಿದ ಮಾಮಕ್ ಹೋಟೆಲುಗಳಲ್ಲಿ ರೋಟಿ ಚನಾಯ್‌ಗೋ, ಎತ್ತಿ ಸುರಿದು ನೊರೆ ಬರಿಸಿದ ತೇ ತಾರಿಕ್‌ಗೋ ಯಾರೂ ಚೌಕಾಸಿ ಮಾಡುವುದಿಲ್ಲ. ಪಕ್ಕದ ಮೇಜಿನಲ್ಲಿ ಕುಳಿತ ಊರಿನವನೂ ಅಷ್ಟೇ ಕೊಡುತ್ತಾನೆಂಬ ಭರವಸೆ ನಮಗಿರುತ್ತದೆ. ಅಂದರೆ ನಮ್ಮನ್ನು ಕಾಡುವುದು ಬೆಲೆಯಲ್ಲ, ‘ನನಗೊಬ್ಬನಿಗೇ ಟೋಪಿ ಹಾಕಿದರು’ ಎಂಬ ಅನುಮಾನ. ಈ ಅನುಮಾನ ಕ್ಷುಲ್ಲಕವಲ್ಲ. ಮೋಸಹೋಗದಿರುವುದು ಆತ್ಮಗೌರವದ ಮಾತು. ಆದರೆ ಮೋಸಹೋದ ಅವಮಾನ ಬೇರೆ, ಆದ ನಷ್ಟ ಬೇರೆ. ಐದು ರಿಂಗಿಟ್ ಎಂದರೆ ನೂರು ರೂಪಾಯಿಯ ಆಸುಪಾಸು. ವಿಮಾನದ ಟಿಕೆಟ್ ಕೊಂಡವನಿಗೆ ಅದು ನಷ್ಟವಲ್ಲ, ಬರೀ ಮುಖಭಂಗ.

ಚೌಕಾಸಿಯನ್ನು ಸಮಬಲರ ಆಟ ಎನ್ನುವವರಿದ್ದಾರೆ. ಅರ್ಧ ನಿಜ. ಅಸಲು ಎಷ್ಟೆಂಬುದು ಮಾರುವವನಿಗೆ ಮಾತ್ರ ಗೊತ್ತು. ಅದು ಅವನ ಬಲ. ಬೇಡವೆಂದು ಎದ್ದು ಹೋಗುವ ಸ್ವಾತಂತ್ರ್ಯ ಕೊಳ್ಳುವವನದು. ಅದು ನಮ್ಮ ಬಲ. ಎರಡೂ ತೂಗಿದರೆ ಆಟ ಸರಿಯೇ. ಆದರೆ ಪೆಟಾಲಿಂಗ್ ಬೀದಿಯ ಎಷ್ಟೋ ಅಂಗಡಿಗಳಲ್ಲಿ ನಿಂತು ಮಾರುವವರು ಬಾಂಗ್ಲಾದೇಶ, ನೇಪಾಳ, ಮ್ಯಾನ್ಮಾರ್‌ಗಳಿಂದ ದುಡಿಯಲು ಬಂದವರು. ನಾವು ಜಗ್ಗಿ ಇಳಿಸಿದ ಹಣ ಮಾಲೀಕನ ಲಾಭದಲ್ಲಿ ಕಡಿಮೆಯಾಗುತ್ತದೋ, ಈ ಹುಡುಗನ ಸಂಬಳದಲ್ಲೋ ತಿಳಿಯುವುದಿಲ್ಲ. ತಿಳಿಯದು ಎಂಬುದೇ ಕೈ ಬಿಗಿಹಿಡಿಯಲು ಸಾಕಷ್ಟು ಕಾರಣ.

ಹಾಗೆಂದು ಹೇಳಿದಷ್ಟು ಕೊಟ್ಟು ಬರುವುದೂ ಔದಾರ್ಯವಲ್ಲ. ‘ಪಾಪ, ಬಡವ’ ಎಂದು ಕೇಳಿದ್ದನ್ನು ಕೊಟ್ಟರೆ ಅವನನ್ನು ವ್ಯಾಪಾರಿಯ ಸ್ಥಾನದಿಂದ ಭಿಕ್ಷುಕನ ಸ್ಥಾನಕ್ಕೆ ಇಳಿಸಿದಂತೆ. ಚೌಕಾಸಿಯಲ್ಲಿ ಕನಿಷ್ಠ ಎರಡು ನಿಮಿಷವಾದರೂ ಇಬ್ಬರು ಮುಖಾಮುಖಿ ನಿಲ್ಲುತ್ತಾರೆ, ನಗುತ್ತಾರೆ, ಹುಸಿಕೋಪ ತೋರುತ್ತಾರೆ. ಮಾಲಿನ ಯಂತ್ರಕ್ಕೆ ಕಾರ್ಡು ತಾಗಿಸುವುದರಲ್ಲಿ ಅದಿಲ್ಲ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಚೌಕಾಸಿ ಮಾಡಬೇಕೇ ಎಂಬುದಲ್ಲ, ಎಲ್ಲಿ ನಿಲ್ಲಿಸಬೇಕು ಎಂಬುದು. ವಸ್ತು ನಮಗೆಷ್ಟು ಬಾಳುತ್ತದೆ ಎನಿಸುತ್ತದೋ ಅಲ್ಲಿಯವರೆಗೆ ಜಗ್ಗುವುದು ವ್ಯಾಪಾರ. ಅದರಾಚೆಗೂ ಜಗ್ಗಿದರೆ ನಾವು ಕೊಳ್ಳುತ್ತಿರುವುದು ಕೈಚೀಲವನ್ನಲ್ಲ, ಊರಿಗೆ ಬಂದು ‘ನೂರು ಹೇಳಿದ, ಇಪ್ಪತ್ತಕ್ಕೆ ತಂದೆ’ ಎಂದು ಹೇಳಿಕೊಳ್ಳುವ ಕತೆಯನ್ನು. ಆ ಕತೆಯ ಬೆಲೆಯನ್ನು ಇನ್ನೊಬ್ಬ ತೆರುತ್ತಾನೆ, ಮತ್ತು ಅವನಿಗೆ ಚೌಕಾಸಿ ಮಾಡಲು ಅವಕಾಶವಿಲ್ಲ.