ತಾರಸಿಯಿಲ್ಲದವರ ಬಿಸಿಲು

ಮನೆಯ ಮೇಲೆ ಸೋಲಾರ್ ಹಾಕಿಸಿದ ಎಷ್ಟೋ ಜನ ಮೊದಲ ಸಲ ಕರೆಂಟು ಹೋದಾಗ ಪೇಚಿಗೆ ಬೀಳುತ್ತಾರೆ. ನೆತ್ತಿ ಸುಡುವ ಬಿಸಿಲಿದೆ, ತಾರಸಿಯ ತುಂಬ ಫಲಕಗಳಿವೆ, ಆದರೂ ಕೆಳಗೆ ಫ್ಯಾನು ನಿಂತಿದೆ. ಏನೂ ಕೆಟ್ಟಿರುವುದಿಲ್ಲ. ಹೊರಗಿನ ತಂತಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಸಾಮಾನ್ಯ ಇನ್‌ವರ್ಟರು ಆ ತಂತಿಯಲ್ಲಿ ವಿದ್ಯುತ್ ನಿಂತ ಕೂಡಲೇ ತಾನೂ ನಿಲ್ಲಬೇಕು. ಅದನ್ನು ಹಾಗೆಂದೇ ಮಾಡಿರುತ್ತಾರೆ. ಬೀದಿಯಲ್ಲಿ ಲೈನ್‌ಮನ್ ಒಬ್ಬ ಕಂಬ ಹತ್ತಿರಬಹುದು. ಲೈನ್ ಆಫ್ ಆಗಿದೆ ಎಂದು ನಂಬಿ ಅವನು ಮುಟ್ಟಿದ ತಂತಿಗೆ ನಮ್ಮ ತಾರಸಿಯ ಕರೆಂಟು ಹಿಂದಿನಿಂದ ಹರಿದರೆ ಅವನ ಜೀವಕ್ಕೇ ಕುತ್ತು. ಈ ಏರ್ಪಾಟನ್ನು ಎಂಜಿನಿಯರುಗಳು 'ಆ್ಯಂಟಿ ಐಲ್ಯಾಂಡಿಂಗ್' ಅನ್ನುತ್ತಾರೆ, ಅಂದರೆ ಮನೆ ದ್ವೀಪವಾಗದಂತೆ ತಡೆಯುವುದು. ನೀತಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ನನ್ನ ವಿಷಯದ ಪುಸ್ತಕಗಳಲ್ಲಿ ಇಷ್ಟು ನಿಖರವಾದ ಪದ ಸಿಕ್ಕಿಲ್ಲ.

ದ್ವೀಪವಾಗುವುದಕ್ಕೂ ಈಗ ಸುರಕ್ಷಿತ ದಾರಿಯಿದೆ. ಬ್ಯಾಟರಿಯೂ ಹೈಬ್ರಿಡ್ ಇನ್‌ವರ್ಟರೂ ಇದ್ದರೆ ಮನೆ ಹೊರಗಿನ ತಂತಿಯಿಂದ ತನ್ನನ್ನು ಕಡಿದುಕೊಂಡು ಒಳಗಷ್ಟೇ ಕರೆಂಟು ಹರಿಸಿಕೊಳ್ಳುತ್ತದೆ. ಲೈನ್‌ಮನ್‌ಗೂ ಅಪಾಯವಿಲ್ಲ, ಮನೆಗೂ ಕತ್ತಲಿಲ್ಲ. ಮಾರುವವರು ಇದನ್ನು 'ಸ್ವಾವಲಂಬನೆ' ಎಂದು ಕರೆಯುತ್ತಾರೆ. ಆ ಪದದ ಬಗ್ಗೆಯೇ ನನ್ನ ತಕರಾರು.

ಹದಿನೇಳನೇ ಶತಮಾನದಲ್ಲಿ ಜಾನ್ ಲಾಕ್ ಆಸ್ತಿಯ ಬಗ್ಗೆ ಬರೆಯುವಾಗ ಒಂದು ಷರತ್ತು ಹಾಕಿದ್ದ. ಎಲ್ಲರಿಗೂ ಸೇರಿದ್ದರಿಂದ ಒಬ್ಬ ತನ್ನ ದುಡಿಮೆಯ ಬಲದಿಂದ ಪಾಲು ತೆಗೆದುಕೊಳ್ಳಬಹುದು, ಆದರೆ ಉಳಿದವರಿಗೂ ಸಾಕಷ್ಟು ಉಳಿದಿರಬೇಕು, ಉಳಿದದ್ದು ಅಷ್ಟೇ ಒಳ್ಳೆಯದಾಗಿಯೂ ಇರಬೇಕು. ಹೊಳೆಯಲ್ಲಿ ಒಬ್ಬ ನೀರು ಕುಡಿದರೆ ಇನ್ನೊಬ್ಬನಿಗೆ ನಷ್ಟವಿಲ್ಲ ಎಂಬುದು ಅವನ ಉದಾಹರಣೆ. ಬಿಸಿಲಿಗೆ ಇದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಇಂದಿರಾನಗರದ ತಾರಸಿಯೊಂದು ಹೀರಿಕೊಂಡಿತೆಂದು ಶಿವಾಜಿನಗರದಲ್ಲಿ ಬಿಸಿಲು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಹೊಳೆಗೆ ಇಳಿಯಲು ದಡ ಬೇಕು. ಒಂದು ಕಿಲೋವಾಟ್ ಸೋಲಾರಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು. ಬೆಂಗಳೂರಿನ ಬಿಸಿಲಿಗೆ ಅದು ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಯೂನಿಟ್ ಕೊಡುತ್ತದೆ. ನಾನು ಬಾಡಿಗೆಗಿರುವ ಹಲಸೂರಿನ ಓಣಿಯಲ್ಲಿ ಒಂದರ ಮೇಲೊಂದು ನಾಲ್ಕು ಮನೆ, ನಾಲ್ಕು ಮೀಟರು, ಒಂದೇ ತಾರಸಿ. ಅದರ ಬೀಗದ ಕೈ ಓನರ್ ಹತ್ತಿರ. ನಮ್ಮ ಬಾಡಿಗೆ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯುವುದರ ಬಗ್ಗೆ ಒಂದು ಷರತ್ತಿದೆ, ಬಿಸಿಲಿನ ಬಗ್ಗೆ ಒಂದೂ ಇಲ್ಲ.

ದಡ ಯಾರದು ಎಂಬ ಪ್ರಶ್ನೆ ನಗರಕ್ಕಷ್ಟೇ ಸೇರಿದ್ದಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಜಮೀನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗುವ ಗುತ್ತಿಗೆಗೆ ಪಡೆದರು. ಬರದ ನಾಡಿಗೆ ಅದು ದೊಡ್ಡ ಆಸರೆ, ರೈತರ ಹೆಸರಿನಲ್ಲೇ ಪಹಣಿಯೂ ಉಳಿಯಿತು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಕೂಲಿ ಮಾತ್ರ ಹೋಯಿತು. ಅಲ್ಲಿ ಹೊಲವಿಲ್ಲದವರು, ಇಲ್ಲಿ ತಾರಸಿಯಿಲ್ಲದವರು.

ಸರ್ಕಾರದ ಹಣವೂ ಇದೇ ಜಾಡಿನಲ್ಲಿ ಹರಿಯುತ್ತದೆ. 2024ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರದ ಸೂರ್ಯಘರ್ ಯೋಜನೆ ಮೂರು ಕಿಲೋವಾಟ್ ಹಾಕಿಸುವ ಮನೆಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. 2023ರ ಗೃಹಜ್ಯೋತಿಯಾದರೋ 200 ಯೂನಿಟ್‌ವರೆಗೆ ಬಿಲ್ಲು ಮನ್ನಾ ಮಾಡುತ್ತದೆ, ಬಾಡಿಗೆದಾರರಿಗೂ. ಎರಡನೆಯದನ್ನು 'ಬಿಟ್ಟಿ ಭಾಗ್ಯ' ಎಂದು ಆಡಿಕೊಳ್ಳುವವರು ಮೊದಲನೆಯದನ್ನು ಹೂಡಿಕೆ ಅನ್ನುತ್ತಾರೆ. ತಮಾಷೆಯೆಂದರೆ ಮೊದಲನೆಯದರ ಪೂರ್ತಿ ಹೆಸರಿನಲ್ಲೇ 'ಮುಫ್ತ್ ಬಿಜಲಿ' ಎಂದಿದೆ.

ಸೋಲಾರ್ ಹಾಕಿಸಿದವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಅದು ತೀರಾ ಸುಲಭದ ಕೆಲಸ. ಅವರು ಉತ್ಪಾದಿಸಿದ ಒಂದೊಂದು ಯೂನಿಟ್ಟೂ ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲನ್ನು ಅಷ್ಟಷ್ಟು ಉಳಿಸಬಲ್ಲದು. ನಾನು ಕೇಳುತ್ತಿರುವುದು ಬೇರೆ: ತಾನೇ ಕರೆಂಟು ಮಾಡಿಕೊಂಡ ಮನೆಗೆ ತಂತಿಯ ಋಣ ತೀರಿತೇ?

ಈ ತಂತಿಗೊಂದು ಚರಿತ್ರೆಯಿದೆ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟ್‌ನಲ್ಲಿ. ಅಂದರೆ ದುಡ್ಡಿದ್ದವರ ಸಲುವಾಗಿ ಎಳೆದ ತಂತಿ ನಿಧಾನವಾಗಿ ಎಲ್ಲರದ್ದಾಯಿತು. ಎಲ್ಲರೂ ಅದರ ಖರ್ಚು ಹಂಚಿಕೊಂಡದ್ದರಿಂದಲೇ ಅದು ಸಾಧ್ಯವಾಯಿತು. ಕಂಬ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್ ಸಂಬಳ, ಇವು ನಾವು ಹತ್ತು ಯೂನಿಟ್ ಉರಿಸಿದರೂ ನೂರು ಉರಿಸಿದರೂ ಅಷ್ಟೇ ಇರುತ್ತವೆ. ಹೆಚ್ಚು ಕೊಳ್ಳುತ್ತಿದ್ದವರು ಬ್ಯಾಟರಿ ಇಟ್ಟುಕೊಂಡು ಕೊಳ್ಳುವುದನ್ನು ಬಿಟ್ಟರೆ ಆ ಖರ್ಚು ಉಳಿದವರ ತಲೆಗೆ. ದರ ಏರುತ್ತದೆ, ಏರಿದ ದರ ಇನ್ನಷ್ಟು ಜನರನ್ನು ಹೊರಗೆ ಕಳಿಸುತ್ತದೆ. ಇದು ಬರಿಯ ಊಹೆಯಲ್ಲ. 2024ರ ಒಂದೇ ವರ್ಷದಲ್ಲಿ ಸುಮಾರು 17 ಗಿಗಾವಾಟ್ ಫಲಕ ತರಿಸಿಕೊಂಡ ಪಾಕಿಸ್ತಾನದಲ್ಲಿ, ಫಲಕ ಕೊಳ್ಳಲಾಗದವರ ಬಿಲ್ಲಿನ ಪ್ರಶ್ನೆ ಈಗ ರಾಜಕೀಯದ ಪ್ರಶ್ನೆಯಾಗಿದೆ.

ಅದಿರಲಿ, ಹೊರಗೆ ಹೋದವರೂ ಪೂರ್ತಿ ಹೋಗಿರುವುದಿಲ್ಲ. ಜುಲೈ ತಿಂಗಳಲ್ಲಿ ವಾರಗಟ್ಟಲೆ ಮೋಡ ಕವಿದಾಗ ಬ್ಯಾಟರಿ ಬರಿದಾಗಿ, ಮತ್ತೆ ಅದೇ ತಂತಿಯ ಕಡೆಗೆ ನೋಡುತ್ತಾರೆ. ಬೇಕಾದಾಗ ಸಿಗುವ ಹಾಗೆ ಅದನ್ನು ಕಾಪಾಡಿ ಇಟ್ಟವರು ಬೇರೆ ಯಾರೋ. ಇದಕ್ಕೆ ಸ್ವಾವಲಂಬನೆ ಎಂಬ ಹೆಸರು ಸಲ್ಲುವುದಿಲ್ಲ.

ನಮ್ಮಲ್ಲಿ ಕಾಯಕದ ಜೊತೆಗೆ ದಾಸೋಹ ಎಂಬ ಮಾತು ಹುಟ್ಟಿದೆ. ಮಿಕ್ಕಿದ್ದನ್ನು ಕೊಡುವುದು ಅಲ್ಲಿ ಔದಾರ್ಯವಲ್ಲ, ಗಳಿಕೆಯೊಳಗೇ ಇರುವ ಬಾಧ್ಯತೆ. ಅದನ್ನು ಮೀಟರಿನ ಭಾಷೆಗೆ ಇಳಿಸಬಹುದು. ದೆಹಲಿಯಲ್ಲಿ 2019ರಲ್ಲೇ ಅಂಥ ನಿಯಮ ಬಂತು: ಒಂದು ಕಡೆ ಹಾಕಿದ ಫಲಕದ ಯೂನಿಟ್ಟುಗಳನ್ನು ಬೇರೆ ಬೇರೆ ಮೀಟರುಗಳಿಗೆ ಹಂಚಿ ಜಮೆ ಮಾಡಬಹುದು. ಹಾಗಾದರೆ ಹಲಸೂರಿನ ನಾಲ್ಕು ಮೀಟರಿನ ಕಟ್ಟಡದ ಮೇಲೆ ಸಾರ್ವಜನಿಕ ಹಣದಿಂದ ಫಲಕ ಕೂರಿಸುವಾಗ, ನಾಲ್ಕೂ ಮೀಟರಿಗೆ ಪಾಲು ಹೋಗಬೇಕೆಂಬ ಷರತ್ತು ಏಕಿರಬಾರದು? ಕೆ.ಆರ್. ಪುರದ ಬಡಾವಣೆಯೊಂದಕ್ಕೆ ಹತ್ತು ಮನೆಗಳಲ್ಲಿ ಹತ್ತು ಬ್ಯಾಟರಿಗೆ ಬದಲು, ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಎಲ್ಲರಿಗೂ ಸೇರಿದ ಒಂದು ದೊಡ್ಡ ಬ್ಯಾಟರಿ ಏಕೆ ಬೇಡ? ಮಧ್ಯಾಹ್ನ ಎಲ್ಲರ ತಾರಸಿಯ ಹೆಚ್ಚುವರಿ ಅದಕ್ಕೆ ತುಂಬಲಿ, ಸಂಜೆ ಏಳಕ್ಕೆ ತಾರಸಿಯಿಲ್ಲದ ಮನೆಯ ದೀಪವೂ ಅದರಿಂದಲೇ ಉರಿಯಲಿ. ಯಾರು ಎಷ್ಟು ಕೊಡಬೇಕು, ಕೆಟ್ಟರೆ ರಿಪೇರಿ ಯಾರದು ಎಂಬ ಜಗಳ ಖಂಡಿತ ಬರುತ್ತದೆ. ಬೋರ್‌ವೆಲ್ ಹಂಚಿಕೊಂಡ ಕಟ್ಟಡಗಳಲ್ಲಿ ಈ ಜಗಳ ದಿನವೂ ನಡೆಯುತ್ತದೆ, ನೀರೂ ಬರುತ್ತಿರುತ್ತದೆ.