ಅರ್ಧ ಆಟ ಟೀವಿಯೊಳಗಿತ್ತು

ಟೀವಿಗೆ ಪುಟ್ಟ ಕಂಪ್ಯೂಟರ್ ಜೋಡಿಸಿಕೊಂಡು ಸಿನಿಮಾ ನೋಡುವವರಿಗೆ ಕೋಡಿ ಎಂಬ ತಂತ್ರಾಂಶ ಗೊತ್ತಿರುತ್ತದೆ. ಅದು ಹುಟ್ಟಿದ್ದು ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ. ಆ ಗೇಮ್ ಪೆಟ್ಟಿಗೆಯ ಬೀಗ ಮುರಿದ ಹವ್ಯಾಸಿಗಳು 2002ರಲ್ಲಿ ಅದರಲ್ಲೇ ವಿಡಿಯೊ ಓಡಿಸಿದರು. 2019ರ ಜನವರಿಯಲ್ಲಿ ಬಂದ ಕೋಡಿಯ 18ನೇ ಆವೃತ್ತಿಗೆ ಹಳೆಯ ವಿಡಿಯೊ ಗೇಮ್ ಆಡಿಸುವ ಸೌಲಭ್ಯ ಸೇರಿತು. ಸುತ್ತಿ ಬಳಸಿ ಕೊನೆಗೆ ಆಟಕ್ಕೇ ಬಂತು.

ಹಳೆಯ ಪೆಟ್ಟಿಗೆಯ ಚಿಪ್ ಹೇಗೆ ನಡೆದುಕೊಳ್ಳುತ್ತಿತ್ತೋ ಹಾಗೆಯೇ ನಟಿಸುವುದು ಈ ಸೌಲಭ್ಯದ ಹಿಂದಿರುವ ಎಮ್ಯುಲೇಟರ್ ಎಂಬ ತಂತ್ರಾಂಶದ ಕೆಲಸ. ಇಂದಿನ ಕಂಪ್ಯೂಟರಿಗೆ ಅದು ಲೆಕ್ಕಕ್ಕೇ ಇಲ್ಲ. 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ಗೆ ಇದ್ದ ಮೆಮೊರಿ 2 ಕೆಬಿ. ಸೂಪರ್ ಮಾರಿಯೊ ಇಡೀ ಆಟ 40 ಕೆಬಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಶುಭೋದಯದ ಗುಲಾಬಿ ಇದಕ್ಕಿಂತ ದೊಡ್ಡದು. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಹೆಚ್ಚಾಗಿ ಬಂದದ್ದು ಈ ನಿಂಟೆಂಡೊ ಪೆಟ್ಟಿಗೆಯ ನಕಲಿಗಳು. ಜೊತೆಗೆ 9999 ಆಟಗಳಿವೆ ಎಂದು ಬರೆದುಕೊಂಡ ಕ್ಯಾಸೆಟ್, ಒಳಗೆ ಅವೇ ನಾಲ್ಕಾರು ಆಟ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ. ಇದೆಲ್ಲ ಕಾನೂನಿಗೆ ಒಪ್ಪುತ್ತದೆಯೇ? ಎಮ್ಯುಲೇಟರ್ ಬಗ್ಗೆ ಸೋನಿ ಹೂಡಿದ್ದ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಅದನ್ನು ತಯಾರಿಸಿದ್ದ ಕನೆಕ್ಟಿಕ್ಸ್ ಕಂಪನಿಯ ಪರ ನಿಂತಿತು. ಆಟದ ಪ್ರತಿಯ ಮಾತು ಬೇರೆ. ನಿಮ್ಮದೇ ಕ್ಯಾಸೆಟ್ಟಿನಿಂದ ತೆಗೆದುಕೊಳ್ಳಿ ಎನ್ನುತ್ತಾರೆ ಬಲ್ಲವರು. ನಮ್ಮ ಕ್ಯಾಸೆಟ್ಟೇ ಕಳ್ಳಮಾಲು!

ಚಿಪ್ಪಿನ ನಟನೆ ಎಷ್ಟೇ ಪಕ್ಕಾ ಇದ್ದರೂ ಹಾಲ್‌ನ ದೊಡ್ಡ ಟೀವಿಯಲ್ಲಿ ಆಟ ಏಕೋ ಒಗ್ಗುವುದಿಲ್ಲ. ಚಿತ್ರವನ್ನು ಅಗಲಕ್ಕೆ ಎಳೆದರೆ ಮಾರಿಯೊಗೆ ಬೊಜ್ಜು ಬರುತ್ತದೆ. ಅದನ್ನು ಹಳೆಯ ಟೀವಿಯ 4:3 ಅಳತೆಗೆ ಸರಿಪಡಿಸಬಹುದು. ಆದರೆ 1991ರ ಸೋನಿಕ್ ಆಟದ ಮೊದಲ ಹಂತದ ಜಲಪಾತವನ್ನು ನೋಡಿ. ನೀರಿನ ಹಿಂದಿನದು ಕಾಣಲೆಂದು ಕಲಾವಿದರು ಒಂದು ಗೆರೆ ನೀರು, ಒಂದು ಗೆರೆ ಖಾಲಿ ಎಂದು ಉದ್ದಕ್ಕೂ ಗೀಟು ಬಿಟ್ಟಿದ್ದರು. ಹಳೆಯ ವಿಡಿಯೊ ವೈರು ಆ ಗೀಟುಗಳನ್ನು ಕಲಸಿ ಪರದೆಯ ಮೇಲೆ ತಿಳಿನೀರು ಮಾಡುತ್ತಿತ್ತು. ಈಗಿನ ಚೊಕ್ಕ ಎಲ್‌ಸಿಡಿಯಲ್ಲಿ ಅದು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಅಂದರೆ ಚಿತ್ರ ಬರೆದವರು ಟೀವಿಯ ಮಬ್ಬನ್ನೂ ಬಣ್ಣದಂತೆ ಬಳಸಿದ್ದರು. ಹಾಗಾಗಿಯೇ ಎಮ್ಯುಲೇಟರ್ ಬರೆಯುವವರು ಈಗ ಹಳೆಯ ಗಾಜಿನ ಟೀವಿಯ ಗೆರೆ, ಮಬ್ಬು, ಅಂಚಿನ ಬಾಗನ್ನೂ ನಕಲು ಮಾಡುವ ಪುಟ್ಟ ಪ್ರೋಗ್ರಾಮ್‌ಗಳನ್ನು, ಅಂದರೆ ಶೇಡರ್‌ಗಳನ್ನು ಬರೆಯುತ್ತಿದ್ದಾರೆ. ನಾಲ್ಕು ಸಾವಿರ ಪಿಕ್ಸೆಲ್ ಅಗಲದ ಟೀವಿ ಕೊಂಡು, ಅದನ್ನು ಇಪ್ಪತ್ತೊಂದು ಇಂಚಿನ ಹಳೆಯ ಡಬ್ಬದಂತೆ ಕಾಣಿಸಲು ಕಂಪ್ಯೂಟರಿನ ಶಕ್ತಿ ಸುರಿಯುವುದು ವಿಚಿತ್ರವೇ. ನನಗಂತೂ ಅದು ಹುಚ್ಚು ಅನ್ನಿಸುವುದಿಲ್ಲ.

ಶೇಡರ್‌ಗೂ ಬಗ್ಗದ್ದು ಬಾತುಕೋಳಿ ಹೊಡೆಯುವ ಆಟ, ಡಕ್ ಹಂಟ್. ಅದರ ಗನ್ನಿನಿಂದ ಟೀವಿಯತ್ತ ಏನೂ ಹಾರುತ್ತಿರಲಿಲ್ಲ. ಕುದುರೆ ಒತ್ತಿದ ಕೂಡಲೇ ಪರದೆ ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿಂಚುತ್ತಿತ್ತು. ನಳಿಗೆಯೊಳಗಿನ ಬೆಳಕಿನ ಸೆನ್ಸರ್‌ಗೆ ಮೊದಲು ಕಪ್ಪು, ಆಮೇಲೆ ಬಿಳಿ ಕಂಡರೆ ಗುರಿ ಸರಿ. ಗಾಜಿನ ಟೀವಿ ಕೈಗೆ ಸಿಕ್ಕ ಗೆರೆಯನ್ನು ತಡಮಾಡದೆ ಬರೆಯುತ್ತಿತ್ತು. ಹೊಸ ಟೀವಿ ಚಿತ್ರವನ್ನು ಇಟ್ಟುಕೊಂಡು ಚಂದ ಮಾಡಿ ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಆಟ ಬಿಳಿಗಾಗಿ ಕಾದು, ಗುರಿ ತಪ್ಪಿತೆಂದು ತೀರ್ಮಾನಿಸಿ ಮುಂದೆ ಹೋಗಿರುತ್ತದೆ. ಈ ತಡ ಕಡಿಮೆ ಮಾಡುವ ಗೇಮ್ ಮೋಡ್ ಹಾಕಿದರೂ ಹಳೆಯ ಗನ್ನಿಗೆ ಅದು ಸಾಲದು. ಕ್ಯಾಮೆರಾ ಇಟ್ಟ ಹೊಸ ಗನ್ನುಗಳು ಬಂದಿವೆ. ಪರದೆಯ ಸುತ್ತ ಬಿಳಿ ಚೌಕಟ್ಟು ಬರೆದು, ಅದರ ಅಳತೆಯಲ್ಲಿ ಗುರಿ ಹುಡುಕುತ್ತವೆ. ಹೆಚ್ಚಿನವರು ಮಾತ್ರ ಎಮ್ಯುಲೇಟರಿನಲ್ಲಿ ಮೌಸ್ ಹಿಡಿದೇ ಬಾತುಕೋಳಿ ಹೊಡೆಯುತ್ತಾರೆ. ಮೌಸಿನಲ್ಲಿ ಗುರಿ ತಪ್ಪುವುದೇ ಅಪರೂಪ, ಹಾಗಾಗಿ ಗುರಿ ತಪ್ಪಿದಾಗ ಹುಲ್ಲಿನಿಂದ ತಲೆಯೆತ್ತಿ ಕಿಸಕ್ಕನೆ ನಗುತ್ತಿದ್ದ ಆಟದ ನಾಯಿಗೆ ಈಗ ಕೆಲಸ ಕಡಿಮೆ.